ಬೇಗಮ್ಮರ ಕಾಲಿನ ಕಡಗ

ಈ ಕಥೆಯನ್ನು ಮೊದಲು ಹೇಳಿದವರು ದೇವಣಿ ಕಡೆಯ ರಂಭಾಬಾಯಿ. ೧೯೬೦ನೆಯ ಇಸವಿಯ ಏಪ್ರಿಲ್ ಕೊನೆಯ ವಾರ, ಬಿಸಿಲು ಇಳಿಯುವ ಹೊತ್ತು. ಶಾಂತವೀರಪ್ಪನವರ ಮನೆಯ ಅಂಗಳದಲ್ಲಿ ಬೀಜಕ್ಕೆಂದು ಶೇಂಗಾ ಒಡೆಯಲು ಹನ್ನೊಂದು ಜನ ಹೆಂಗಸರು ಕುಳಿತಿದ್ದರು. ಕಥೆ ಅವರ ನಡುವೆ ಬಂತು. ನಿಲಂಗಾ ಕಡೆ ಇದನ್ನು ಹೇಳುವವರು ಕಡಗ ಎರಡಿದ್ದವು ಎನ್ನುತ್ತಾರೆ. ತುರೋರಿಯವರ ಬಾಯಲ್ಲಿ ಅದು ಬೆಳ್ಳಿಯದಲ್ಲ, ಹಿತ್ತಾಳೆಯದು. ರಂಭಾಬಾಯಿಯವರ ಕಥೆಯಲ್ಲಿ ಕಡಗ ಒಂದೇ, ಅದು ಬೆಳ್ಳಿಯದೇ. ಅವರು ಹೇಳಿದ ಕ್ರಮದಲ್ಲಿಯೇ ಇಲ್ಲಿ ಇಟ್ಟಿದೆ.

ದೇವಣಿಯ ಹತ್ತಿರದ ಒಂದು ಹಳ್ಳಿಯಲ್ಲಿ ಗುರುಲಿಂಗಪ್ಪನೆಂಬ ಒಕ್ಕಲಿಗ, ಅವನ ಹೆಂಡತಿ ಶೇವಂತಾಬಾಯಿ. ಶೇವಂತಾಬಾಯಿ ಕೆಟ್ಟವಳಲ್ಲ, ಆದರೆ ನಂಬುವವಳಲ್ಲ. ರೊಟ್ಟಿ ಬುಟ್ಟಿ ಮುಚ್ಚುವ ಮೊದಲು ರೊಟ್ಟಿ ಎಣಿಸುತ್ತಿದ್ದಳು. ಉಪ್ಪಿನಕಾಯಿ ಗಡಿಗೆಯ ಅರಿವೆಗೆ ತನಗೊಬ್ಬಳಿಗೇ ಬರುವ ಒಂದು ಗಂಟು ಹಾಕುತ್ತಿದ್ದಳು. ಬೇರೆ ಯಾರಾದರೂ ಬಿಚ್ಚಿ ಕಟ್ಟಿದರೆ ನೋಡಿದ ಕೂಡಲೇ ಗೊತ್ತಾಗಬೇಕು. ಒಳಗೆ ಬಂದವರ ಕೈ ನೋಡುವಳು, ಹೊರಗೆ ಹೋಗುವವರ ಉಡಿ ನೋಡುವಳು.

ಇಂಥವಳ ಮನೆಯಲ್ಲೇ ಒಂದು ವಸ್ತು ಕಾಣೆಯಾಯಿತು.

ಅದು ಎತ್ತಿನ ಕಾಲಿನ ಬೆಳ್ಳಿ ಕಡಗ. ಮದುವೆಯಲ್ಲಿ ಶೇವಂತಾಬಾಯಿಯ ತಂದೆ ಮಗಳ ಹಿಂದೆ ಒಂದು ದೇವಣಿ ತಳಿಯ ಹೋರಿಯನ್ನೂ ಅದರ ಬಲಗಾಲಿಗೆ ಈ ಕಡಗವನ್ನೂ ಕಳಿಸಿಕೊಟ್ಟಿದ್ದ. ಕಡಗ ಮನೆ ಬಿಟ್ಟು ಹೋಗದು ಎಂದು ಅಳಿಯನ ಕೈಯನ್ನು ಆ ಹೋರಿಯ ಬೆನ್ನ ಮೇಲೆ ಇರಿಸಿ ಮಾತು ತೆಗೆದುಕೊಂಡಿದ್ದ. ವರ್ಷಕ್ಕೊಮ್ಮೆ, ಎತ್ತುಗಳನ್ನು ತೊಳೆದು ಕೊಂಬಿಗೆ ಬಣ್ಣ ಹಚ್ಚಿ ಹೋಳಿಗೆ ತಿನ್ನಿಸುವ ಪೋಳಾದ ದಿನ, ಎಲ್ಲಕ್ಕೂ ಮುಂದೆ ನಡೆಯುವ ಎತ್ತಿನ ಕಾಲಿಗೆ ಅದನ್ನು ತೊಡಿಸುವರು. ಮನೆಯ ಹಿರಿ ಸೊಸೆ ಎತ್ತಿನ ಕಾಲು ತೊಳೆದು ಆರತಿ ಬೆಳಗುವಳು. ಕಡಗ ತೊಟ್ಟ ಎತ್ತು ಸತ್ತರೆ ಯಜಮಾನ ಅದರ ಒಳಮೈಗೆ ಅರದಿಂದ ಒಂದು ಗೀರು ಹಾಕುವನು. ಹಾಗೆ ಮೂರು ಗೀರುಗಳಾಗಿದ್ದವು.

ರಜಾಕಾರರ ಗಡಬಡಿಯ ವರ್ಷ, ೧೯೪೮ರ ಬೇಸಿಗೆಯ ಆರಂಭದಲ್ಲಿ, ಮನೆಯ ಬೆಳ್ಳಿಬಂಗಾರವನ್ನೆಲ್ಲ ಕೊಟ್ಟಿಗೆಯಲ್ಲಿ ಎತ್ತು ಮೇಯುವ ಗೋದಲಿಯ ಕೆಳಗೆ ಹೂಳಿದರು. ಜಾಗ ಗೊತ್ತಿದ್ದುದು ಮೂವರಿಗೆ: ಗಂಡ, ಹೆಂಡತಿ, ಮತ್ತು ಮಣ್ಣು ಹೊತ್ತು ಹಾಕಿದ ಹೊಸ ಸೊಸೆ ಅನುಸೂಯಾಬಾಯಿ. ಅದೇ ಬೇಸಿಗೆಯಲ್ಲಿ ಹಿರಿ ಮಗ ವೀರಭದ್ರನನ್ನು, ಗಡಿಯಾಚೆ ಕ್ಯಾಂಪು ಹಾಕಿದ್ದ ನಿಜಾಮನ ವಿರೋಧಿಗಳಿಗೆ ರೊಟ್ಟಿ ಮುಟ್ಟಿಸಿದನೆಂದು ರಜಾಕಾರರು ಹಿಡಿದೊಯ್ದರು. ಹನ್ನೆರಡು ದಿನವಾದ ಮೇಲೆ ಅವನು ನಡೆದುಕೊಂಡು ಮನೆಗೆ ಬಂದ. ಮನೆಯ ಜಂಗಮರಾದ ರಾಚಯ್ಯನವರ ಆಶೀರ್ವಾದ ಎಂದರು ಎಲ್ಲರೂ. ಗುರುಲಿಂಗಪ್ಪನೂ ಹಾಗೆಯೇ ಅಂದ. ಸೊಸೆ ಚೊಚ್ಚಲ ಹೆರಿಗೆಗೆ ತವರಾದ ಸಾಸ್ತೂರಕ್ಕೆ ಹೋದಳು. ಪೊಲೀಸ್ ಆ್ಯಕ್ಷನ್ ಆಯಿತು, ಊರು ಶಾಂತವಾಯಿತು, ಸೊಸೆ ಕೂಸನ್ನೆತ್ತಿಕೊಂಡು ಮರಳಿದಳು. ದೀಪಾವಳಿಗೆ ಗೋದಲಿ ಕೆಳಗೆ ಅಗೆದಾಗ ಎಲ್ಲವೂ ಇತ್ತು, ಕಡಗವಿರಲಿಲ್ಲ.

ಮರುದಿನ ಬೆಳಿಗ್ಗೆ ನೀರು ಸೇದುವ ಬಾವಿಯ ಮೇಲೆ, ಹತ್ತು ಹೆಂಗಸರ ನಡುವೆ ಶೇವಂತಾಬಾಯಿ ಅಂದಳು: “ನಮ್ಮ ಎತ್ತಿನ ಕಡಗಕ್ಕ ಕಾಲ ಬಂದಾವವ್ವ. ಹೆರಿಗಿಗಿ ಹೋದಾಕಿ ಸಂಗಟ ಸಾಸ್ತೂರ ಹಾದಿ ಹಿಡದಾದ.”

ಅಷ್ಟೇ ಮಾತು. ಆದರೆ ಅದು ಬಾವಿಯಿಂದ ಹತ್ತು ಕೊಡಗಳ ಜೊತೆ ಹತ್ತು ಮನೆಗೆ ಹೋಯಿತು. ಅಲ್ಲಿಂದ ಎಂಟು ಪೋಳಾ, ಆರತಿಯ ತಾಟನ್ನು ಅನುಸೂಯಾಬಾಯಿಯ ಕೈಗೆ ಅತ್ತೆ ಕೊಡಲಿಲ್ಲ. ತಾನೇ ಎತ್ತಿನ ಕಾಲು ತೊಳೆದಳು, ತಾನೇ ಬೆಳಗಿದಳು. ಈಗ ಕಿರಿ ಮಗನ ಮದುವೆ ಗೊತ್ತಾಗಿತ್ತು. ಬರುವ ಪೋಳಾಕ್ಕೆ ತಾಟು ಹೊಸ ಸೊಸೆಯದೆಂದು ಶೇವಂತಾಬಾಯಿ ಬೀಗರ ಮುಂದೆ ಹೇಳಿಯೂ ಆಗಿತ್ತು. ಅದು ಆದರೆ ಅನುಸೂಯಾಬಾಯಿ ಕಳ್ಳಿ ಎಂಬುದು ಆ ಮನೆಯಲ್ಲಿ ಕಡೆಯತನಕ ನಿಂತಂತೆಯೇ.

ಇದು ಹಿಂದಿನದು. ಮುಂದಿನದು ೧೯೫೭ರ ಬೇಸಿಗೆಯ ರಜೆಯಲ್ಲಿ ನಡೆದದ್ದು.

ಮೊಮ್ಮಗಳು ಸುಮಿತ್ರಾಳ ಶಾಲೆ ಬಿಟ್ಟಿತ್ತು. ವೀರಭದ್ರ ಹೊಲ ಹರಗುವುದಿದೆಯೆಂದು ಊರಲ್ಲಿ ಉಳಿದ. ಅಜ್ಜ, ಅಜ್ಜಿ, ಸೊಸೆ, ಹುಡುಗಿ ನಾಲ್ವರು ಬಸ್ಸು ಹತ್ತಿ ಉದಗೀರಕ್ಕೆ ಮಗಳು ಲಲಿತಾಬಾಯಿಯ ಮನೆಗೆ ಬಂದರು. ಮೊದಲ ದಿನ ಪೇಟೆ, ಎರಡನೆಯ ದಿನ ಕೋಟೆ. ಮೂರನೆಯ ದಿನ ಲಲಿತಾಬಾಯಿ, ಹಳೆಯ ಜಹಗೀರದಾರರ ಹವೇಲಿಯನ್ನು ಈಗ ಎಲ್ಲರಿಗೂ ನೋಡಲು ತೆರೆದಿದ್ದಾರೆ, ಒಳಗಿನ ಸಾಮಾನುಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಹೊಂದಿಸಿಟ್ಟಿದ್ದಾರೆ ಎಂದಳು.

“ಹಾಳ ಮನಿ. ಏನ ನೋಡ್ತೀರಿ ಅದರಾಗ?” ಎಂದ ಗುರುಲಿಂಗಪ್ಪ.

“ನೀವ್ ನೋಡೀರೇನು?” ಎಂದು ಕೇಳಿದಳು ಶೇವಂತಾಬಾಯಿ.

“ನಾ ಯಾಕ ನೋಡ್ಲಿ? ಜಹಗೀರದಾರರ ಮನ್ಯಾಗ ನಮಗೇನ ಕೆಲಸ? ಆ ಹೊಸ್ತಿಲಾ ಸೈತ ತುಳದಿಲ್ಲ.”

ಒಂದು ಪ್ರಶ್ನೆಗೆ ಮೂರು ಉತ್ತರ ಬಂದವೆಂಬುದನ್ನು ಶೇವಂತಾಬಾಯಿ ಗಮನಿಸಿದಳು. ಆದರೆ ಆಗ ಹುಡುಗಿ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು.

ಹವೇಲಿಯ ಕಾವಲುಗಾರ ಲಾಡ್ಲೆಸಾಬ. ಜಹಗೀರದಾರರ ಕಾಲದಲ್ಲಿ ಅದೇ ಮನೆಯ ದೀಪ ಹಚ್ಚುತ್ತಿದ್ದವನು. ಯಜಮಾನರು ಹೋದರು, ಜನರನ್ನು ಹಿಡಿಸಿ ಬಿಡಿಸುತ್ತಿದ್ದ ಕಾರಭಾರಿ ಹೋದ, ದೀಪಗಳೂ ಹೋದವು. ಅವನು ಮಾತ್ರ ಸೊಂಟಕ್ಕೆ ಕೀಲಿಗೊಂಚಲು ಕಟ್ಟಿಕೊಂಡು ಉಳಿದಿದ್ದ. ನೀರಿಲ್ಲದ ಕಾರಂಜಿ ತೋರಿಸಿದ. ಬಟ್ಟೆಯ ಚೀಲದೊಳಗೆ ತೂಗುತ್ತಿದ್ದ ಗಾಜಿನ ದೀಪಗುಚ್ಛ ತೋರಿಸಿದ. ಪಲ್ಲಕ್ಕಿ, ಹುಕ್ಕಾ, ಬೇಟೆಯ ಬಂದೂಕು, ನಿಂತುಹೋದ ಗಡಿಯಾರ. ಪ್ರತಿಯೊಂದರ ಕೆಳಗೂ ಒಂದೊಂದು ಹಲಗೆ. ಉರ್ದುವಿನ ಮೇಲೆ ಬಿಳಿ ಬಣ್ಣ ಬಳಿದು ಮೇಲೆ ಹೊಸದಾಗಿ ಮರಾಠಿಯಲ್ಲಿ ಬರೆಸಿದ್ದರು. ಸುಮಿತ್ರಾ ಓದಿ ಅಜ್ಜಿಗೆ ಕನ್ನಡದಲ್ಲಿ ಹೇಳುತ್ತಿದ್ದಳು.

“ಇಷ್ಟೆಲ್ಲ ಸಾಮಾನ ಇಟ್ಟು ಹೋದ್ರು. ಅರ್ಧ ಯಾರ್‍ಯಾರ ಮನ್ಯಾಗ ಸೇರ್‍ಯಾದೋ,” ಎಂದಳು ಶೇವಂತಾಬಾಯಿ, ಲಾಡ್ಲೆಸಾಬನ ಅಂಗಿಯ ಜೇಬನ್ನು ನೋಡುತ್ತ.

“ನನ್ನ ಮನ್ಯಾಗ ಒಂದ ರೊಟ್ಟಿ ಹಂಚು ಅದ ಅಕ್ಕಾರ,” ಎಂದ ಅವನು. “ಬಂದ ನೋಡ್ರಿ, ಹಲಗಿ ಬರಸಿಲ್ಲ.”

ಅನುಸೂಯಾಬಾಯಿಗೆ ನಗು ಬಂದು ಸೆರಗನ್ನು ಬಾಯಿಗೆ ಹಿಡಿದಳು. ಅತ್ತೆ ತಿರುಗಿ ನೋಡಿದ ಕೂಡಲೇ ನಗು ನಿಂತಿತು.

ಕಾರಭಾರಿಯ ಕಚೇರಿಯಿಂದ ಒಳಗಿನ ತಿಜೋರಿ ಕೋಣೆಗೆ ಹೋಗಲು ಒಂದು ಕತ್ತಲೆಯ ಓಣಿ. ಓಣಿಯ ಕೊನೆಗೆ ಕಲ್ಲಿನ ಗಿಡ್ಡ ಬಾಗಿಲು. ಓಡಿ ಬರುವ ಕಳ್ಳನಿಗೆಂದೇ ಮಾಡಿಸಿದ್ದಂತೆ. ಲಾಡ್ಲೆಸಾಬ ಮುಂದೆ ಹೋದ. ಅನುಸೂಯಾಬಾಯಿ ಹಣೆ ಬಡಿಸಿಕೊಂಡು “ಅಯ್ಯ” ಎಂದಳು. ಶೇವಂತಾಬಾಯಿ ಅದನ್ನು ಕೇಳಿಯೂ ಬಡಿಸಿಕೊಂಡಳು. ಹಿಂದೆ ಬರುತ್ತಿದ್ದ ಗಂಡನಿಗೆ ಹೇಳಬೇಕೆಂದು ತಿರುಗಿದಳು. ಅಷ್ಟರಲ್ಲಿ ಅವರೆಲ್ಲರಿಗಿಂತ ಗೇಣು ಎತ್ತರದ ಗುರುಲಿಂಗಪ್ಪ, ಬಾಗಿಲಿಗೆ ಎರಡು ಹೆಜ್ಜೆ ಇರುವಾಗಲೇ ಒಂದು ಕೈಯಿಂದ ರುಮಾಲು ಒತ್ತಿ ಹಿಡಿದು, ಸೊಂಟದಿಂದ ಬಗ್ಗಿ, ಸಲೀಸಾಗಿ ಒಳಗೆ ಬಂದ.

ಅದೇ ಬೆಳಿಗ್ಗೆ ಮಗಳ ಅಡುಗೆಮನೆಯ ಬಾಗಿಲಿಗೆ ಎರಡು ಸಲ ತಲೆ ಬಡಿಸಿಕೊಂಡ ಮನುಷ್ಯ. ಉಪ್ಪಿನಕಾಯಿ ಗಡಿಗೆಯ ಗಂಟಿನಲ್ಲಿ ಒಂದು ಸುತ್ತು ತಪ್ಪಿದ್ದು ಕಂಡರೆ ಶೇವಂತಾಬಾಯಿಗೆ ಏನಾಗುತ್ತಿತ್ತೋ ಅದೇ ಆಯಿತು.

ತಿಜೋರಿ ಕೋಣೆಯಲ್ಲಿ ಮೇಲೊಂದು ಬೆಳಕಿಂಡಿ. ಅದರ ಕೆಳಗೆ ಗಾಜಿನ ಪೆಟ್ಟಿಗೆ, ಒಳಗೆ ಕೆಂಪು ಮಖಮಲ್ಲು, ಮಖಮಲ್ಲಿನ ಮೇಲೆ ಬೆಳ್ಳಿಯ ಕಡಗ. ಸುಮಿತ್ರಾ ಹಲಗೆ ಓದಿದಳು: “ಬೇಗಂ ಸಾಹೇಬ್ರು ಕಾಲಾಗ ಹಾಕ್ಕೊಳ್ಳೋ ಬೆಳ್ಳಿ ಕಡಗ ಅಂತ, ಅಜ್ಜಿ.”

ಲಾಡ್ಲೆಸಾಬ ದಿನವೂ ಹೇಳಿ ಹೇಳಿ ನುಣುಪಾದ ಕಥೆ ತೆಗೆದ: “ಬೇಗಂ ಸಾಹೇಬ್ರು ಮಾಳಗಿ ಮ್ಯಾಲ ಅಡ್ಡಾಡಿದ್ರ ಇದರ ಸಪ್ಪಳ ಕೆಳಗ ಕಾರಂಜಿ ತನಕ ಕೇಳಸ್ತಿತ್ತು. ಜಹಗೀರದಾರರು ಅಲ್ಲಿಂದನೇ...”

“ಬೇಗಂ ಸಾಹೇಬ್ರ ಕಾಲು ಇಷ್ಟು ದಪ್ಪ ಇದ್ದವೇನು?” ಎಂದಳು ಶೇವಂತಾಬಾಯಿ.

ಆಕೆ ಲಾಡ್ಲೆಸಾಬನನ್ನು ನೋಡುತ್ತಿರಲಿಲ್ಲ. ಪೆಟ್ಟಿಗೆಯ ಆಚೆ ನಿಂತ ಸೊಸೆಯನ್ನು ನೋಡುತ್ತಿದ್ದಳು. ಅನುಸೂಯಾಬಾಯಿಯ ಮುಖದ ಬಣ್ಣ ಇಳಿದಿತ್ತು. ಎರಡೂ ಕೈಯಿಂದ ಸೆರಗನ್ನು ಹಣೆಯ ಕೆಳಗಿನವರೆಗೆ ಎಳೆದುಕೊಂಡಿದ್ದಳು. ಕದ್ದವಳು ಕದ್ದದ್ದನ್ನು ನೋಡಲಾರಳು ಎಂದು ಶೇವಂತಾಬಾಯಿಗೆ ಒಂದೇ ಉಸಿರಿನಲ್ಲಿ ಖಾತ್ರಿಯಾಯಿತು. ಸಾಸ್ತೂರವಲ್ಲ, ಉದಗೀರ. ತವರಿನಲ್ಲಿ ಇಡಲಿಲ್ಲ, ಹವೇಲಿಗೆ ಮಾರಿದರು.

“ನೋಡಿದೇನು?” ಎಂದಳು.

“ನೋಡ್ದೆನ್ರಿ.”

“ಏನದು?”

“ನಿಮಗ ಗೊತ್ತದಲ್ರೀ, ಅತ್ತಿ.”

“ನಿನ್ನ ಬಾಯಿಲೆ ಅನ್ನು.”

“ನಮ್ಮ ಎತ್ತಿನ ಕಡಗ.”

“ಇಲ್ಲಿಗಿ ಹ್ಯಾಂಗ ಬಂತು?”

ಅನುಸೂಯಾಬಾಯಿ ಸೆರಗನ್ನು ಹಿಂದಕ್ಕೆ ಸರಿಸಿದಳು. ಆ ಮನೆಗೆ ಬಂದ ಮೇಲೆ ಅತ್ತೆಯ ಮುಂದೆ ಪೂರ್ತಿ ಮುಖ ತೋರಿಸಿ ಆಕೆ ಮಾತಾಡಿದ್ದು ಅದೇ ಮೊದಲು ಎಂದು ರಂಭಾಬಾಯಿ ಇಲ್ಲಿ ನಿಲ್ಲಿಸಿ ಹೇಳುತ್ತಾರೆ.

“ಅದು ನನಗ ಗೊತ್ತಿದ್ರ ಒಂಬತ್ತ ವರ್ಷ ನಿಮ್ಮ ಮಾತ ತಿಂದ್ಕೊಂಡ ಕೂಡ್ತಿದ್ನೇನ್ರಿ? ಪೆಟಗಿ ತಗಸ್ರಿ. ಒಳಗ ಮೂರು ಗೀರು ಇದ್ರ, ಯಾರು ತಂದ್ರಂತ ಈ ಕಾವಲಿ ಮಾಮಾನ ಕೇಳ್ರಿ. ನನ್ನ ಮುಂದನೇ ಕೇಳ್ರಿ. ಇವತ್ತ ನೀವು ಕೇಳದೆ ಹೋದ್ರ ನಾ ಊರಿಗಿ ಬರಂಗಿಲ್ಲ. ಇಲ್ಲಿಂದನೇ ಸಾಸ್ತೂರಕ್ಕ ಹೋಗ್ತೀನಿ.”

ಶೇವಂತಾಬಾಯಿ ಗಂಡನ ಕಡೆ ತಿರುಗಿದಳು. ಗಂಡ ಅಲ್ಲಿರಲಿಲ್ಲ. ಗಿಡ್ಡ ಬಾಗಿಲಿನಿಂದ ಆಗಲೇ ಹೊರಬಿದ್ದಿದ್ದ.

“ಮುತ್ಯಾ ಗಾಳಿಗಿ ಹೋಗ್ಯಾನ,” ಎಂದಳು ಹುಡುಗಿ.

ಲಾಡ್ಲೆಸಾಬ ಪೆಟ್ಟಿಗೆಯ ಬೀಗ ತೆಗೆದ. ಕಡಗ ಕೈಗೆ ಬರುವ ಮೊದಲೇ ಶೇವಂತಾಬಾಯಿ, ಹೊರಮೈಯಲ್ಲಿ ಒಂದು ತಗ್ಗು ಇರಬೇಕು, ಎರಡನೆಯ ಎತ್ತು ಬೀಸುವ ಕಲ್ಲಿಗೆ ಒದ್ದದ್ದು, ಎಂದಳು. ತಗ್ಗು ಇತ್ತು. ಸುಮಿತ್ರಾ ಒಳಮೈಯ ಮೇಲೆ ಬೆರಳಾಡಿಸಿ ಎಣಿಸಿದಳು. ಒಂದು, ಎರಡು, ಮೂರು.

ಲಾಡ್ಲೆಸಾಬ ಗೋಡೆಗೆ ಒರಗಿ ಕುಳಿತುಬಿಟ್ಟ. “ಹಲಗಿ ಬರ್‍ಯಾಂವ ಹೊರಗಿನಂವ, ಅಕ್ಕಾರ. ಇದೇನಂತ ಕೇಳ್ದ. ಕಾಲಿಗಿ ಹಾಕೋದು ಅಂದೆ. ಯಾರ ಕಾಲಿಗಂತ ಅಂವಾ ಕೇಳಲಿಲ್ಲ, ನಾ ಹೇಳಲಿಲ್ಲ. ಬೇಗಮ್ಮರದಂತ ಬರದ. ಆಮ್ಯಾಲ ಬಂದ ಮಂದಿಗಿ ಕಥಿ ಬೇಕಾತು.”

“ಬೇಗಮ್ಮರ ಕಥಿ ಸಾಕು. ಯಾರ ತಂದ್ರು?”

“ಗಡಬಡಿ ವರ್ಷ. ಬ್ಯಾಸಗಿ. ಒಬ್ರು ಎರಡ ಸಲ ಬಂದಿದ್ರು. ಮೊದಲ ಸಲ ಬರಿಗೈಲೆ ಬಂದು ಕಾರಭಾರಿ ಕಾಲ ಹಿಡದ್ರು. ಎರಡನೇ ಸಲ ಇದನ್ನ ಧೋತರದಾಗ ಸುತ್ಕೊಂಡ ಬಂದ್ರು.”

“ಸಾಸ್ತೂರದವನೇನು?”

“ಊರು ಕೇಳಿಲ್ರಿ.”

“ಹೆಸರು?”

ಲಾಡ್ಲೆಸಾಬ ಗೊಂಚಲಿನ ಕೀಲಿಗಳನ್ನು ಒಂದೊಂದಾಗಿ ತಿರುವಿದ. “ಇಲ್ಲಿ ಬಂದವ್ರ ಹೆಸರು ಹೊರಗ ಅನಬಾರದಂತ ಕಾರಭಾರಿ ತಾಕೀತು ಇತ್ತು. ಈಗ ಕಾರಭಾರಿ ಇಲ್ಲ, ಖರೇ. ಆದ್ರ ಕಷ್ಟದಾಗ ಬಂದವ್ರು ಅಕ್ಕಾರ. ನಾ ಹ್ಯಾಂಗ ಅನ್ಲಿ?”

ಶೇವಂತಾಬಾಯಿ ಸೊಸೆಯ ಅಣ್ಣಂದಿರಿಬ್ಬರ ಮುಖಗಳನ್ನು ಮನಸ್ಸಿಗೆ ತಂದುಕೊಂಡಳು. ಅವರನ್ನು ಈ ಕೋಣೆಯಲ್ಲಿ ನಿಲ್ಲಿಸಲು ಯತ್ನಿಸಿದಳು. ಅವರು ನಿಲ್ಲಲಿಲ್ಲ. ಅವರ ಜಾಗದಲ್ಲಿ ಬೇರೊಬ್ಬ, ರುಮಾಲು ಒತ್ತಿ ಹಿಡಿದು, ಸೊಂಟದಿಂದ ಬಗ್ಗಿ ಒಳಗೆ ಬಂದ.

“ಹೆಸರು ಬ್ಯಾಡ,” ಎಂದಳು. “ಒಂದ ಮಾತ ಹೇಳು. ಬಂದಾಂವ ಈ ಬಾಗಲಕ್ಕ ತಲಿ ಹೊಡಕೊಂಡನೇನು?”

“ಮೊದಲನೇ ಸಲ ಎಲ್ಲಾರೂ ಹೊಡಕೋತಾರ್‍ರಿ. ಅವರಿಗಿ ಭಾಳ ಬಡೀತು. ರಗತ ಬಂತು, ನಾನೇ ಅರಿಶಿಣ ಒತ್ತಿದೆ, ಇಲ್ಲಿ.” ತನ್ನ ಎಡ ಹುಬ್ಬಿನ ಮೇಲೆ ಬೆರಳಿಟ್ಟ. “ಎರಡನೇ ಸಲ ಬಗ್ಗಿದ್ರು.”

ಗುರುಲಿಂಗಪ್ಪನ ಎಡ ಹುಬ್ಬಿನ ಮೇಲೆ ಒಂದು ಕಲೆಯಿತ್ತು. ಕೊಟ್ಟಿಗೆಯ ಬಾಗಿಲು ಬಡಿಯಿತೆಂದು ಆ ಬೇಸಿಗೆಯಲ್ಲಿ ಆತ ಹೇಳಿದ್ದ. ಅದನ್ನು ನಂಬಿ ಶೇವಂತಾಬಾಯಿ ಬಡಿಗನನ್ನು ಕರೆಸಿ, ಕೊಟ್ಟಿಗೆಯ ಬಾಗಿಲನ್ನು ಒಂದು ಗೇಣು ಎತ್ತರಿಸಿದ್ದಳು. ಆಕೆ ಜೀವಮಾನದಲ್ಲಿ ಎಣಿಸದೆ, ಬಿಚ್ಚಿ ನೋಡದೆ ನಂಬಿದ ಮಾತು ಬಹುಶಃ ಅದೊಂದೇ.

ಕಡಗವನ್ನು ಲಾಡ್ಲೆಸಾಬನ ಕೈಗೆ ಕೊಟ್ಟು ಆಕೆ ಓಣಿ ದಾಟಿ ಹೊರಗೆ ಬಂದಳು. ಆತ ಒಣಗಿದ ಕಾರಂಜಿಯ ಕಟ್ಟೆಯ ಮೇಲೆ ಕುಳಿತಿದ್ದ. ರುಮಾಲು ತೊಡೆಯ ಮೇಲಿತ್ತು, ಕಲೆ ಬಿಸಿಲಿಗೆ ಕಾಣುತ್ತಿತ್ತು.

“ಕೊಟ್ಟಿಗಿ ಬಾಗಲ ಎತ್ತರಿಸಬ್ಯಾಡ ಅಂತ ಒಂದ ಮಾತ ಹೇಳಬೇಕಿಲ್ಲೇನ್ರಿ?” ಎಂದಳು. “ಬಡಿಗ ನಾಕ ದಿನ ಉಂಡ.”

ಗುರುಲಿಂಗಪ್ಪ ತಲೆಯೆತ್ತಲಿಲ್ಲ. “ಹುಡುಗನ ಜೀವ ಉಳೀತು, ಶೇವಂತಾ.”

“ಹುಡುಗನ ಸಲುವಾಗಿ ಕೊಟ್ಟಿದ್ದಕ್ಕ ನಾ ಏನೂ ಅನ್ನಂಗಿಲ್ಲ. ಕಡಗ ಅಲ್ಲ, ಕಾಲಿನ ಸಂಗಟ ಎತ್ತೂ ಕೊಡ್ತಿದ್ದೆ. ಬಾಯಿ ಯಾಕ ಬಿಡಲಿಲ್ಲ?”

“ನಿಮ್ಮಪ್ಪನ ಮುಂದ ಹೋರಿ ಬೆನ್ನ ಮ್ಯಾಲ ಕೈ ಇಟ್ಟು ಮಾತ ಕೊಟ್ಟಿದ್ದೆ. ಇವತ್ತ ಹೇಳ್ತೀನಿ, ನಾಳಿ ಹೇಳ್ತೀನಿ ಅಂತ ಇದ್ದೆ. ಅಷ್ಟರಾಗ ನೀ ಬಾವಿ ಮ್ಯಾಲ ಅಂದಬಿಟ್ಟಿ. ಆಮ್ಯಾಲ ಹೇಳಿದ್ರ ನಿನ್ನ ಮಾತು ಬೀಳ್ತಿತ್ತು, ನನ್ನ ಮಾತೂ ಬೀಳ್ತಿತ್ತು.”

“ಹಿಂಗಾಗಿ ಆಕಿ ಬಿದ್ದಳು.”

ಆತ ರುಮಾಲನ್ನು ತೊಡೆಯ ಮೇಲೆ ಮಡಚತೊಡಗಿದ.

“ನಾ ಅಂದೇನಿ, ಖರೇ,” ಎಂದಳು ಶೇವಂತಾಬಾಯಿ. “ನಾ ಅಂದು ಮನಿಗಿ ಬಂದಾಗ ನೀವು ಒಳಗ ಉಣ್ಣಲತ್ತಿದ್ರಿ. ಆಕೀನೇ ನಿಮಗ ರೊಟ್ಟಿ ಹಾಕ್ಲತ್ತಿದ್ಲು. ಒಂಬತ್ತ ವರ್ಷ ಆಕಿ ಕೈಲೆ ಉಂಡೀರಿ.”

ಅನುಸೂಯಾಬಾಯಿ ಹುಡುಗಿಯ ಕೈ ಹಿಡಿದು ಓಣಿಯ ಬಾಯಲ್ಲಿ ನಿಂತಿದ್ದಳು. ಎಲ್ಲವನ್ನೂ ಕೇಳಿದಳು, ಮುಂದೆ ಬರಲಿಲ್ಲ. ಲಾಡ್ಲೆಸಾಬ ಹಿಂದಿನಿಂದ ಬಂದು ಮೆಲ್ಲಗೆ, ಕಡಗ ಬೇಕಾದರೆ ತಹಶೀಲಿಗೆ ಅರ್ಜಿ ಕೊಡಬೇಕು, ಕೊಟ್ಟವರೇ ಬಂದು ಜವಾಬು ಬರೆಸಬೇಕು ಎಂದ.

“ಕೊಡ್ತೀನಿ,” ಎಂದ ಗುರುಲಿಂಗಪ್ಪ ಎದ್ದು ನಿಂತು. “ಇವತ್ತೇ ಕೊಡ್ತೀನಿ.”

“ಅರ್ಜಿ ಆಮ್ಯಾಲ,” ಎಂದಳು ಶೇವಂತಾಬಾಯಿ. “ನಾ ಅಂದದ್ದು ತಹಶೀಲಿನಾಗ ಅಲ್ಲ.”

ಅವರ ಹಳ್ಳಿಯಲ್ಲಿ ಬೆಳಗಿನ ಹೊತ್ತು ಹೆಂಗಸರು ನೀರು ಸೇದುವಾಗ ಗಂಡಸರು ಬಾವಿಯ ಕಡೆ ಹೋಗುವುದಿಲ್ಲ. ಎತ್ತು ತಪ್ಪಿಸಿಕೊಂಡು ಅತ್ತ ಓಡಿದರೂ ದೂರದಲ್ಲಿ ನಿಂತು ಕೂಗಿ ಕರೆಯುತ್ತಾರೆ. ರಜೆಯಿಂದ ಮರಳಿದ ಮರುದಿನ ಬೆಳಿಗ್ಗೆ ಗುರುಲಿಂಗಪ್ಪ ಆ ಬಾವಿಗೆ ನಡೆದು ಬಂದ. ಹಿಂದೆ ಖಾಲಿ ಕೊಡ ಹಿಡಿದು ಶೇವಂತಾಬಾಯಿ. ಹೆಂಗಸರು ಸೆರಗು ಎಳೆದುಕೊಂಡು ಒಬ್ಬರ ಹಿಂದೊಬ್ಬರು ಸರಿದರು. ಯಾರೋ ಸತ್ತ ಸುದ್ದಿ ತಂದಿದ್ದಾನೆಂದೇ ತಿಳಿದರು.

ಅವನು ರುಮಾಲು ತೆಗೆದ. ನೆಲ ನೋಡುತ್ತಲೇ ಮಾತಾಡಿದ: “ಕಡಗ ಸಾಸ್ತೂರಕ್ಕ ಹೋಗಿಲ್ಲ. ವೀರಭದ್ರನ ಬಿಡಸ್ಲಿಕ್ಕ ನಾ ಒಯ್ದು ಕೊಟ್ಟೀನಿ. ಸೊಸಿಗಿ ಇದ್ರಾಗ ಏನೂ ಗೊತ್ತಿದ್ದಿಲ್ಲ. ಗೊತ್ತಿದ್ದಂವ ನಾ ಒಬ್ಬನೇ, ಸುಮ್ಮಕ ಕೂತಂವನೂ ನಾನೇ.”

“ಅಂದಾಕಿ ನಾ,” ಎಂದಳು ಶೇವಂತಾಬಾಯಿ. “ಕೇಳಿದವ್ರು ನೀವು. ಹೋದ ಮಾತು ಯಾರ್‍ಯಾರ ಮನಿಗಿ ಹೋಗ್ಯಾದೋ, ಅಲ್ಲಲ್ಲಿಗಿ ಇದನ್ನೂ ಒಯ್ರಿ.”

ಅನುಸೂಯಾಬಾಯಿ ಬಾವಿಯ ಗಾಲಿಯ ಹತ್ತಿರ, ಅರ್ಧ ಸೇದಿದ ಕೊಡದ ಹಗ್ಗ ಹಿಡಿದು ನಿಂತಿದ್ದಳು. ಎಲ್ಲರ ಕಣ್ಣೂ ಆಕೆಯ ಮೇಲೆ. ಮಾವನ ಕಾಲ ಕಡೆ ನೋಡಿ ಆಕೆ ಅಂದಳು: “ಮಾವಾರ, ಜರಾ ಸರೀರಿ. ಹಗ್ಗ ನಿಮ್ಮ ಕಾಲ ಕೆಳಗ ಸಿಕ್ಕಾದ.”

ಅವನು ಸರಿದ. ಆಕೆ ಕೊಡ ಮೇಲೆ ಎಳೆದುಕೊಂಡಳು.

ಇಲ್ಲಿಗೆ ರಂಭಾಬಾಯಿಯವರು ನಿಲ್ಲಿಸಿದರು. ಅರ್ಜಿಯ ಗತಿ ಏನಾಯಿತೆಂದು ಶಾಂತವೀರಪ್ಪನವರ ತಾಯಿ ಸರುಬಾಯಿ ಕೇಳಿದರು. ಅರ್ಜಿ ಮೂರು ವರ್ಷದಿಂದ ಮೇಜಿನಿಂದ ಮೇಜಿಗೆ ಹೋಗುತ್ತಿದೆ, ಹಲಗೆಯ ಮೇಲೆ ಕಡಗ ಇನ್ನೂ ಬೇಗಮ್ಮರದೇ ಎಂದು ರಂಭಾಬಾಯಿ ಹೇಳಿದರು.

“ಮತ್ತ ಆರತಿ ತಾಟು?” ಎಂದಳು ಇನ್ನೊಬ್ಬಳು. “ಅತ್ತಿ ಕೊಟ್ಟಳೇನು?”

“ಕೊಟ್ಟಳವ್ವ. ಬರಿಗಾಲಿನ ಎತ್ತಿಗೇ ಅನುಸೂಯಾಬಾಯಿ ಬೆಳಗಿದಳು.”

“ನಿನಗ ಹ್ಯಾಂಗ ಗೊತ್ತು? ನೀ ಅಲ್ಲಿದ್ದೇನು?”

“ಬಾವಿ ಮ್ಯಾಲ ಹತ್ತ ಮಂದಿ ಇದ್ರು ಅಂತ ಹೇಳಿದೆ,” ಎಂದರು ರಂಭಾಬಾಯಿ. “ಹತ್ತೂ ಮಂದಿ ಹೆಸರ ಹೇಳಿಲ್ಲ.”

ದನಗಳು ಮನೆಗೆ ತಿರುಗುವ ಹೊತ್ತಾಗಿತ್ತು. ಸರುಬಾಯಿ ಒಡೆದ ಶೇಂಗಾಬೀಜವನ್ನು ಒಂದು ಬುಟ್ಟಿಗೆ ಸುರಿದು, ಮೇಲೆ ಅರಿವೆ ಹೊದಿಸಿ ಗಂಟು ಹಾಕಿದರು. ಎಲ್ಲರೂ ಆ ಗಂಟನ್ನು ನೋಡಿದರು, ಒಬ್ಬಿಬ್ಬರು ನಕ್ಕರು. ಹೆಂಗಸರು ಎದ್ದು ಉಡಿಯ ಸಿಪ್ಪೆ ಕೊಡವಿಕೊಂಡು, ಒಬ್ಬೊಬ್ಬರಾಗಿ ಅಂಗಳದ ಬಾಗಿಲು ದಾಟಿ ತಮ್ಮ ತಮ್ಮ ಮನೆಗೆ ಹೋದರು.